ತಂತಿ ಪಕ್ಷ, ಟವರ್ ಪಕ್ಷ

ನಾನು ತಂತಿ ಪಕ್ಷದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ನಡುವೆ ಗೊತ್ತಾದರೆ ನೀವು ಮೋಸಹೋದೆವೆಂದು ಬೇಸರ ಮಾಡಿಕೊಳ್ಳಬಹುದು. ಇಂಟರ್ನೆಟ್ ಎಂಬುದು ಗೋಡೆಯ ತೂತಿನಿಂದ ತಂತಿಯ ಮೂಲಕ ಮನೆಯೊಳಗೆ ಬಂದು, ಮೂಲೆಯ ಡಬ್ಬಿಯೊಂದರಲ್ಲಿ ಮರ್ಯಾದೆಯಾಗಿ ಕೂರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಾಳಿಯಲ್ಲಿ ಬರುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗಾಳಿಯಲ್ಲಿ ನಮ್ಮ ಚಳ್ಳಕೆರೆಗೆ ಬರುವುದು ಕೆಂಧೂಳು, ಎಣ್ಣೆ ಮಿಲ್ಲುಗಳ ಶೇಂಗಾ ವಾಸನೆ, ಮತ್ತು ಯಾರ ಮನೆಯ ಹುಡುಗಿಗೆ ಎಲ್ಲಿ ಗಂಡು ಗೊತ್ತಾಯಿತೆಂಬ ಸುದ್ದಿ. ಇವು ಮೂರೂ ಕರೆಯದೆ ಬರುತ್ತವೆ, ಕರೆದಾಗ ಬರುವುದಿಲ್ಲ. ಮೊಬೈಲ್ ಇಂಟರ್ನೆಟ್ಟಿನ ಗುಣವೂ ಅದೇ.

ನಮ್ಮ ಕಡೆ ಅದನ್ನು ಸಿಗ್ನಲ್ ಎಂದು ಯಾರೂ ಕರೆಯುವುದಿಲ್ಲ. ಟವರ್ ಎನ್ನುತ್ತಾರೆ. ‘ಟವರ್ ಐತಾ?’, ‘ಟವರ್ ಬಂತು’, ‘ಅಯ್ಯೋ, ಟವರ್ ಹೋತಲ್ಲಲೇ!’ ಹೊಸಬರು ಕೇಳಿದರೆ, ಆ ಕಬ್ಬಿಣದ ಗೋಪುರವೇ ಕಾಲು ಬಂದು ಊರೂರು ತಿರುಗುತ್ತದೆಂದು ತಿಳಿದಾರು. ನಮ್ಮ ಶಾಲೆಗೆ ಹೊಸದಾಗಿ ಬಂದ ಕರಾವಳಿಯ ಮೇಡಂ ಒಬ್ಬರನ್ನು ಪರಶುರಾಂಪುರಕ್ಕೆ ಕರೆದುಕೊಂಡು ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತಿದ್ದ ಒಬ್ಬರು ಫೋನಿನಲ್ಲಿ, ‘ತಡಿಯಪ್ಪ, ಟವರ್ ಬರ್ತಾ ಐತೆ, ಬಂದ ಕೂಡ್ಲೇ ಮಾತಾಡಾನ’ ಎಂದು ಕೂಗಿದರು. ಮೇಡಂ ರಸ್ತೆಯ ಕಡೆ ತಿರುಗಿ ಕಣ್ಣು ಕಿರಿದು ಮಾಡಿ ನೋಡಿದರು. ಬಸ್ಸಿನ ಹೆಸರಿರಬೇಕು ಅಂದುಕೊಂಡರಂತೆ.

ಪ್ರತಿ ಹಳ್ಳಿಯಲ್ಲೂ ಟವರ್ ಬರುವ ಒಂದು ಜಾಗವಿರುತ್ತದೆ. ಒಂದೂರಿನಲ್ಲಿ ಅದು ನೀರಿನ ಟ್ಯಾಂಕಿನ ಮೆಟ್ಟಿಲು, ಇನ್ನೊಂದರಲ್ಲಿ ಬೇವಿನ ಮರದ ಪಕ್ಕದ ಕಲ್ಲು, ಮತ್ತೊಂದರಲ್ಲಿ ಕುರಿರೊಪ್ಪದ ಬೇಲಿ. ಅಲ್ಲಿ ನಿಂತವರು ಕತ್ತು ಓರೆ ಮಾಡಿ, ಒಂದು ಕಾಲನ್ನು ಸ್ವಲ್ಪ ಎತ್ತಿ, ಫೋನನ್ನು ಆಕಾಶಕ್ಕೆ ಹಿಡಿದು, ಹಾಗೇ ಅಲ್ಲಾಡದೆ ಇರುತ್ತಾರೆ. ದೇವಸ್ಥಾನದ ಕಂಬಗಳಲ್ಲಿ ಇಂಥ ಭಂಗಿಗಳನ್ನು ಕೆತ್ತಿದವರು ಮುಂದೆ ಆಗುವುದನ್ನು ಮೊದಲೇ ತಿಳಿದಿದ್ದರೇನೋ ಎಂದು ನನಗೆ ಅನುಮಾನ. ಅಂಥ ಜಾಗದಲ್ಲಿ ಗುಟ್ಟು ಮಾತ್ರ ನಿಲ್ಲುವುದಿಲ್ಲ. ಟವರ್ ಕಟ್ಟೆಯ ಮೇಲೆ ನಿಂತು ಹೆಂಡತಿಯ ಹತ್ತಿರ ಕ್ಷಮೆ ಕೇಳಿದವನ ದನಿ ಇಡೀ ಊರಿಗೆ ಕೇಳಿರುತ್ತದೆ.

ನಾನು ಚಳ್ಳಕೆರೆಯ ಬಾಡಿಗೆ ಮನೆಗೆ ತಂತಿಯ ಇಂಟರ್ನೆಟ್ ಹಾಕಿಸಿದ್ದು ಈ ಅವಮಾನದಿಂದ ಪಾರಾಗಲೆಂದೇ. ಹಾಕಿಸಿದ ಮೇಲೆ ನನ್ನ ನಡಿಗೆಯೇ ಬದಲಾಯಿತು ಎಂದು ಹೆಂಡತಿ ಹೇಳುತ್ತಾಳೆ. ಬದಲಾಗಲಿಲ್ಲ, ನಿಂತುಹೋಯಿತು ಎಂದು ಆಮೇಲೆ ತಿದ್ದುಪಡಿಯನ್ನೂ ಸೇರಿಸುತ್ತಾಳೆ. ಶಾಲೆಯಿಂದ ಬಂದವನು ಡಬ್ಬಿಯ ಪಕ್ಕದ ಕುರ್ಚಿಯಲ್ಲಿ ಕೂತರೆ ಊಟಕ್ಕೇ ಏಳುತ್ತಿದ್ದೆ. ‘ಏನ್ರೀ ಇದು, ನೆಟ್ಟಿಗೆ ತಂತಿ ಹಾಕ್ಸಿದ್ರೋ, ನಿಮಗೆ ಹಾಕ್ಸಿದ್ರೋ?’ ಎಂದು ಒಂದು ದಿನ ಕೇಳಿದಳು. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಇಷ್ಟು ವರ್ಷ ಕಲಿತದ್ದೆಂದರೆ, ಕೆಲವು ಪ್ರಶ್ನೆಗಳಿಗೆ ‘ನಾಳೆ ನೋಡೋಣ’ ಎಂದು ಮುಂದೆ ಹೋಗಬೇಕು.

ಟವರ್ ಪಕ್ಷದ ನಾಯಕರು ನಮ್ಮ ಬಾವ. ಮೊಳಕಾಲ್ಮೂರಿನಲ್ಲಿರುವ ನನ್ನ ಅಕ್ಕನ ಗಂಡ. ಅವರದೂ ನೇಕಾರರ ಮನೆ, ನಮ್ಮದೂ ನೇಕಾರರ ಮನೆ; ನಾನೊಬ್ಬ ಮಗ್ಗದಿಂದ ಎದ್ದು ಕರಿಹಲಗೆಯ ಕಡೆ ಹೋದವನು. ಬಾವ ಈಗ ಹೆಚ್ಚಾಗಿ ರೇಷ್ಮೆ ನೂಲು ತರುವುದು, ಬಣ್ಣ ಹಾಕಿಸುವುದು ಎಂದು ಹೊರಗಿನ ಕೆಲಸ ನೋಡಿಕೊಳ್ಳುತ್ತಾರೆ. ಮಗ್ಗದ ಮೇಲೆ ಕೂರುವವಳು ಅಕ್ಕ. ಬಾವನವರ ಮನೆಮಾತು ತೆಲುಗು, ಅಂಗಡಿಯ ಮಾತು ಕನ್ನಡ, ಸಿಟ್ಟಿನ ಮಾತು ಎರಡೂ ಕಲಸಿದ್ದು. ಅಂಗಿಯ ಜೇಬಿನಲ್ಲಿ ಫೋನು ಸದಾ ಏನಾದರೂ ಹಾಡುತ್ತಿರುತ್ತದೆ.

‘ನಾನ್ ಹೋದ ಕಡೆ ನೆಟ್ ನನ್ ಜೊತೆ ಬರ್ತೈತೆ, ಮೇಷ್ಟ್ರೇ’ ಎಂದು ಬಾವ ಜೇಬು ತಟ್ಟಿ ಹೇಳುತ್ತಾರೆ. ‘ರಾಯದುರ್ಗಕ್ಕೆ ಹೋದ್ರೂ ಬರ್ತೈತೆ. ನಿಮ್ದು ಗ್ವಾದ್ಲೀಲಿ ಕಟ್ಟಿ ಹಾಕಿದ ಎಮ್ಮೆ.’

‘ಕಟ್ಟಿ ಹಾಕಿರೋದಕ್ಕೇ ಹಾಲು ಕೊಡ್ತೈತೆ, ಬಾವ. ನಿಮ್ದು ಸಾಯಂಕಾಲದೊಳಗೆ ಬತ್ತಿ ಹೋಗ್ತೈತಲ್ಲ?’

ಇದು ಅವರ ನೋವಿನ ಜಾಗ. ಮೊಬೈಲಿನಲ್ಲಿ ದಿನಕ್ಕಿಷ್ಟು ಎಂದು ಅಳೆದು ಕೊಡುತ್ತಾರಲ್ಲ, ಅದನ್ನು ಬಾವ ಕೋಳಿ ಕೂಗುವಾಗ ಶುರು ಮಾಡಿ ಮಧ್ಯಾಹ್ನಕ್ಕೆ ಮುಗಿಸಿರುತ್ತಾರೆ. ‘ಇವತ್ತಿನ ಜಿಬಿ ಖಾಲಿಯಾತು’ ಎಂದು ಸಪ್ಪೆ ಮುಖ ಮಾಡಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ಅಕ್ಕನ ಮನೆಯಲ್ಲೇ ಇರುವ ನಮ್ಮ ಅವ್ವ ಈ ಜಿಬಿಯನ್ನು ಬಹಳ ದಿನ ಒಂದು ಬಗೆಯ ಬೇಳೆ ಎಂದೇ ತಿಳಿದಿದ್ದಳು. ಒಂದು ಸಲ ಅಳಿಯನ ಮುಖ ನೋಡಲಾರದೆ, ‘ಪಕ್ಕದ ಮನೇಲಿ ಒಂದಿಷ್ಟು ಇಸ್ಕೊಂಡು ಬರ್ಲೇನಪ್ಪ?’ ಎಂದು ಕೇಳಿದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಬಾವ ನಗಲಿಲ್ಲ. ಎದ್ದು ಪಕ್ಕದ ಮನೆಗೆ ಹೋಗಿ, ಅವರ ಫೋನಿನಿಂದ ಹಾಟ್‌ಸ್ಪಾಟ್ ಹಾಕಿಸಿಕೊಂಡು ಬಂದರು. ಅವ್ವ ನಮ್ಮನ್ನು ನೋಡಿದ ನೋಟ ನನಗಿನ್ನೂ ನೆನಪಿದೆ.

ವಾದಕ್ಕೆ ಇಳಿದಾಗ ನಾನು ಚಕ್ರವರ್ತಿಯೊಬ್ಬನನ್ನು ಸಾಕ್ಷಿಗೆ ಕರೆಯುತ್ತೇನೆ. ಮೊಳಕಾಲ್ಮೂರಿನ ಸೀಮೆಗೆ ಬಂದು ಹೋದವರಿಗೆ ಗೊತ್ತು: ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ, ಹತ್ತಿರ ಹತ್ತಿರ ಮೂರು ಕಡೆ ಅಶೋಕನ ಶಾಸನಗಳಿವೆ. ಒಂದೇ ಸಂದೇಶವನ್ನು ಮೂರು ಕಡೆ ಕೆತ್ತಿಸಿದ್ದಾನೆ. ಒಂದು ಕಡೆ ಹೋದರೂ ಇನ್ನೊಂದು ಕಡೆ ಇರಲಿ ಎಂಬ ಮುಂದಾಲೋಚನೆ. ಅದೂ ನೇರವಾಗಿ ಅವನಿಂದ ಬಂದದ್ದಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲದ, ಅಂದರೆ ನಮ್ಮ ಈ ಸೀಮೆಯ, ಅಧಿಕಾರಿಗಳಿಗೆ ಕಳಿಸಿದ್ದು. ಅಂದರೆ ಫಾರ್ವರ್ಡ್ ಮಾಡಿದ್ದು! ಶುರುವಿನಲ್ಲಿ ಆರೋಗ್ಯ ವಿಚಾರಣೆಯೂ ಇದೆ, ಈಗ ಬೆಳಿಗ್ಗೆ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಬರುತ್ತದಲ್ಲ, ಹಾಗೆ. ಕೊನೆಯಲ್ಲಿ ಕೆತ್ತಿದ ಲಿಪಿಕಾರ ತನ್ನ ಹೆಸರನ್ನು ಬರೆದುಕೊಂಡಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೆ ಕೂಲಿ ಮಾಡಿದವನ ಹೆಸರು! ಮಕ್ಕಳಿಗೆ ಪಾಠ ಮಾಡುವಾಗ ನಾನು ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಮಕ್ಕಳು ಗಂಟೆ ಹೊಡೆಯಿತೇ ಎಂದು ಕಿಟಕಿಯ ಕಡೆ ನೋಡುತ್ತಾರೆ.

‘ನೋಡಿ ಬಾವ, ಕಲ್ಲಿಗೆ ಅಂಟಿಕೊಂಡಿದ್ದಕ್ಕೇ ಇವತ್ತಿಗೂ ಐತೆ. ಗಾಳೀಲಿ ಹೇಳಿ ಕಳಿಸಿದ್ದ್ರೆ ಸಿಗ್ತಿತ್ತಾ?’ ಎಂದು ನಾನು ಗೆದ್ದ ದನಿಯಲ್ಲಿ ಹೇಳುತ್ತೇನೆ. ‘ಅದ್ನ ಓದಾಕೆ ಬೆಟ್ಟ ಹತ್ತಬೇಕಲ್ಲ, ಮೇಷ್ಟ್ರೇ. ಟವರ್‌ಗೂ ಬೆಟ್ಟ ಹತ್ತಬೇಕು. ಏನ್ ವ್ಯತ್ಯಾಸ ಆತು?’ ಎನ್ನುತ್ತಾರೆ ಬಾವ. ಚರಿತ್ರೆ ಓದದವರ ಜೊತೆ ವಾದಿಸುವುದು ಕಷ್ಟ.

ಹೀಗೆ ಹರಟೆಯಲ್ಲೇ ಮುಗಿಯಬೇಕಿದ್ದ ಈ ಜಗಳ ನಿಜವಾದದ್ದು ಅಕ್ಕನ ಒಂದು ಸೀರೆಯಿಂದ.

ಅಕ್ಕ ಹದಿನಾಲ್ಕು ತುಂಬುವ ಮೊದಲೇ ಮಗ್ಗಕ್ಕೆ ಕೂತವಳು. ಅಲ್ಲಿಂದ ಇಲ್ಲಿಯವರೆಗೆ ಅವಳು ನೇಯ್ದ ಸೀರೆಗಳೆಲ್ಲ ಸಾಹುಕಾರರ ಅಂಗಡಿಗೆ ಹೋಗಿವೆ. ಬಣ್ಣ ಅವರದು, ನಮೂನೆ ಅವರದು, ಹೆಸರು ಊರಿನದು. ಯಾರು ಉಟ್ಟರು, ಎಲ್ಲಿ ಉಟ್ಟರು, ಒಂದೂ ಅವಳಿಗೆ ಗೊತ್ತಿಲ್ಲ. ಕಳೆದ ವರ್ಷ ಅವಳಿಗೆ ಏನನ್ನಿಸಿತೋ, ಸ್ವಂತಕ್ಕೆ ಒಂದು ಹಾಸು, ಅಂದರೆ ಸೀರೆಯ ಉದ್ದನೆಯ ಎಳೆಗಳನ್ನು, ಮಗ್ಗಕ್ಕೆ ಹೂಡಿದಳು. ಎಲೆಹಸಿರು ಒಡಲು, ಮೈತುಂಬ ಹಳದಿಯ ಸಣ್ಣ ಸಣ್ಣ ಹೂವಿನ ಬುಟ್ಟಾ. ನವಿಲಲ್ಲ, ಮಾವಿನಕಾಯಿಯಲ್ಲ. ಶೇಂಗಾ ಹೂವು. ನಮ್ಮ ಸೀಮೆಯ ಹೊಲದಲ್ಲೆಲ್ಲ ನೆಲಕ್ಕಂಟಿ ಅರಳುವ ಹೂವನ್ನು ಸೀರೆಯ ಮೇಲೆ ನಾನು ಅದೇ ಮೊದಲು ನೋಡಿದ್ದು. ಸಾಹುಕಾರರು ನೋಡಿ ನಕ್ಕರಂತೆ. ‘ಶೇಂಗಾ ಹೂವಾ? ಇದನ್ನ ಯಾರಮ್ಮ ಉಡ್ತಾರೆ? ಆಗ್ಲಿ, ನೇಯ್ದು ತಂದ್ಕೊಡು, ಉಳಿದ ಮಾಲಿನ ಜೊತೆ ಹಾಕಾನ’ ಎಂದರಂತೆ. ಅಕ್ಕ ಎದ್ದು ಬಂದಳು.

ಮಗ್ಗದ ಮೇಲೆ ಅರ್ಧ ನೇಯ್ದಿದ್ದ ಆ ಸೀರೆಯ ಫೋಟೋವನ್ನು ನಾನು ಶಾಲೆಯಲ್ಲಿ ತೋರಿಸಿದೆ. ಟವರನ್ನು ಬಸ್ಸೆಂದು ತಿಳಿದ ಆ ಮೇಡಂ ಇದ್ದರಲ್ಲ, ಅವರ ಅಣ್ಣನ ಸಂಸಾರ ಹುಬ್ಬಳ್ಳಿಯಲ್ಲಿ. ಆ ಅಣ್ಣನ ಹೆಂಡತಿ ಹುಬ್ಬಳ್ಳಿಯವರೇ, ಅವರ ಮಗಳಿಗೆ ಮದುವೆ ಗೊತ್ತಾಗಿತ್ತು. ಫೋಟೋ ಅಲ್ಲಿಗೆ ಹೋಯಿತು. ಹುಡುಗಿಗೆ ಸೀರೆ ಹಿಡಿಸಿತು, ಅವಳ ತಾಯಿಗೂ ಹಿಡಿಸಿತು. ಆದರೆ ತಾಯಿಯ ತಾಯಿ, ಆ ಮನೆಯ ಜವಳಿಯ ವಿಷಯದಲ್ಲಿ ಕೊನೆಯ ಮಾತು ಹೇಳುವ ಅಜ್ಜಿ, ಫೋನಿನಲ್ಲೇ ನನಗೆ ನೇರವಾಗಿ ಹೇಳಿದರು.

‘ಫೋಟೋದಾಗ ಎಲ್ಲಾನೂ ಛಂದ ಕಾಣತಾವ್ರೀ, ಮಾಸ್ತರ. ಕೈಮಗ್ಗದ್ದೋ ಮಷೀನಿಂದೋ ಯಾರಿಗೆ ಗೊತ್ತು? ಒಮ್ಮೆ ಕೈಸುಟ್ಟಕೊಂಡೀನಿ. ಮಗ್ಗದ ಮ್ಯಾಲೆ ನೇಯೂದನ್ನ ನಾ ಕಣ್ಣಾರೆ ನೋಡಬೇಕು. ಶನಿವಾರ ನಾಕಕ್ಕ ನಾವು ಜವಳಿ ತರಾಕ ಹೊಂಟೀವಿ. ಅದಕ್ಕೂ ಮೊದಲ ವಿಡಿಯೋದಾಗ ತೋರಸ್ರಿ. ಮನಸ್ಸಿಗೆ ಬಂದ್ರ ಅದ ಸೀರಿ, ಇಲ್ಲಂದ್ರ ಅಂಗಡಿ ಸೀರಿ.’

ನ್ಯಾಯವಾದ ಮಾತು. ಅಕ್ಕನಿಗೆ ಹೇಳಿದಾಗ ಅವಳು ಲಾಳಿಯನ್ನು ಕೈಯಲ್ಲೇ ಒಮ್ಮೆ ತಿರುಗಿಸಿದಳು. ‘ಅವ್ರು ಬ್ಯಾಡ ಅಂದ್ರೆ ಇದೂ ಸಾಹುಕಾರ್ರ ಹತ್ರಾನೇ ಹೋಗಬೇಕು ಕಣೋ. ಆಮೇಲೆ ನಾನು ಇಂಥಾ ಹುಚ್ಚು ಮಾಡಲ್ಲ’ ಎಂದಳು. ಮಾತು ನಗುತ್ತಲೇ ಆಡಿದಳು. ಆದರೆ ನಾನು ಅವಳ ತಮ್ಮ, ನನಗೆ ಆ ನಗು ಗೊತ್ತು.

ತೊಂದರೆ ಇದ್ದದ್ದು ಮಗ್ಗದ ಕೋಣೆಯಲ್ಲಿ. ಅಕ್ಕನದು ಹಳೆಯ ಮಾಳಿಗೆ ಮನೆ. ಮಣ್ಣಿನ ಗೋಡೆ ಒಂದು ಮೊಳ ದಪ್ಪ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ಟವರಿನ ಮಟ್ಟಿಗೆ ಪಾತಾಳ. ಮಾಳಿಗೆ ಹತ್ತಿದರೆ ಟವರ್ ಸಿಗುತ್ತದೆ. ಆದರೆ ಕುಣಿಮಗ್ಗವನ್ನು ಮಾಳಿಗೆ ಹತ್ತಿಸುವುದು ಹೇಗೆ? ಅದು ನೆಲದಲ್ಲಿ ಕುಣಿ ತೋಡಿ ಹೂಡಿದ್ದು. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಸೀರೆ ಟವರಿದ್ದಲ್ಲಿಗೆ ಹೋಗಲಾರದು. ಹಾಗಾದರೆ ನೆಟ್ಟೇ ಸೀರೆ ಇದ್ದಲ್ಲಿಗೆ ಬರಬೇಕು. ತಂತಿ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿ ಸಿಗಬೇಕು? ನಾನು ಮೀಸೆಯಡಿಯಲ್ಲೇ ನಕ್ಕು ಕೇಬಲ್ ರಸೂಲ್ ಸಾಬರಿಗೆ ಫೋನು ಮಾಡಿದೆ.

ರಸೂಲ್ ಸಾಬರು ಟೀವಿಗೆ ಕೇಬಲ್ ಹಾಕುವ ಕಾಲದಿಂದ ಆ ಊರಿನ ಕಂಬಗಳನ್ನು ಹತ್ತಿ ಇಳಿದವರು. ಈಗ ಹೊಟ್ಟೆ ಬಂದಿದೆ, ಕಂಬಗಳೂ ಎತ್ತರವಾಗಿವೆ ಎನ್ನುತ್ತಾರೆ. ಬುಧವಾರ ಬಂದು ಬೀದಿಯ ಕಂಬದಿಂದ ತೆಳ್ಳನೆಯ ಕರಿಯ ತಂತಿ ಎಳೆದು, ಗೋಡೆಗೆ ತೂತು ಕೊರೆದು, ಮಗ್ಗದ ಕೋಣೆಯ ಮೂಲೆಯಲ್ಲಿ ಡಬ್ಬಿ ಕೂರಿಸಿದರು. ಉಳಿದ ತಂತಿಯನ್ನು ಅಗಲವಾದ ಸುರುಳಿ ಮಾಡಿ ಗೋಡೆಯ ಮೊಳೆಗೆ ನೇತುಹಾಕಿದರು. ‘ಇದನ್ನ ಹಿಂಗೇ ಬಿಡ್ರಿ. ಒಳಗೆ ಗಾಜಿನ ಎಳೆ ಐತೆ, ಬೆಳಕು ಹರೀತದೆ. ಮಡಚಿದ್ರೆ ಬೆಳಕು ನಿಲ್ತದೆ’ ಎಂದು ನನಗೂ ಬಾವನಿಗೂ ಹೇಳಿದರು. ಅವ್ವ ಆಗ ಜಗಲಿಯಲ್ಲಿ ಅಡಿಕೆ ಕುಟ್ಟುತ್ತಿದ್ದಳು. ಅವಳಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

‘ವೈಫೈಗೆ ಹೆಸರೇನು ಇಡ್ಲಿ?’ ಎಂದು ರಸೂಲ್ ಸಾಬರು ಕೇಳಿದರು. ಬಾವ ಅದುವರೆಗೂ ಮುಖ ಗಂಟಿಕ್ಕಿಕೊಂಡಿದ್ದವರು, ತಟ್ಟನೆ ತಮ್ಮ ಹೆಸರನ್ನೇ ಹೇಳಿದರು. ಟವರ್ ಪಕ್ಷದ ನಾಯಕರ ಹೆಸರಿನಲ್ಲಿ ತಂತಿ ಉದ್ಘಾಟನೆಯಾಯಿತು. ರಾಜಕೀಯದಲ್ಲಿ ಇಂಥವು ನಡೆಯುತ್ತವೆ. ಡಬ್ಬಿಯ ಮೇಲೆ ಹಸಿರು ದೀಪ ಹೊತ್ತಿತು. ಅಕ್ಕ ಮಗ್ಗದಲ್ಲಿ ಕೂತಲ್ಲಿಂದಲೇ ನನಗೆ ವಿಡಿಯೋ ಮಾಡಿ ನೋಡಿದಳು. ಅಂಗಳದಲ್ಲಿದ್ದ ನನ್ನ ಫೋನಿನಲ್ಲಿ ಅವಳ ಮೂಗುತಿ ಹೊಳೆದದ್ದೂ ಕಂಡಿತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ ಹಿಡಿದು ಮೊಳಕಾಲ್ಮೂರಿಗೆ ಹೋದೆ. ದಾರಿಯುದ್ದಕ್ಕೂ ಬಾವನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಗೆದ್ದವನು ಹೆಚ್ಚು ಮಾತಾಡಬಾರದು, ಸಣ್ಣಗೆ ನಕ್ಕರೆ ಸಾಕು ಎಂದೂ ತೀರ್ಮಾನಿಸಿಕೊಂಡೆ. ಮನೆ ತಲುಪಿದಾಗ ಮೂರೂವರೆ. ಮಗ್ಗದ ಕೋಣೆ ಗುಡಿಸಿ ಸಾರಿಸಿ ಲಕಲಕ ಎನ್ನುತ್ತಿತ್ತು. ಅಕ್ಕ ತಲೆ ಬಾಚಿ ಹೂ ಮುಡಿದು ಕುಣಿಗೆ ಇಳಿದಿದ್ದಳು. ನಾನು ನಗುತ್ತಾ ಡಬ್ಬಿಯ ಕಡೆ ತಿರುಗಿದೆ. ಕೆಂಪು ದೀಪ!

‘ಯಾಕೆ ಇದು ಕೆಂಪಗೈತೆ?’

‘ಬೆಳಗಾಗೆದ್ದು ನೋಡ್ದಾಗ ಹಸಿರಿತ್ತಲ್ಲೋ’ ಎಂದಳು ಅಕ್ಕ. ಅವಳ ಕೈ ಲಾಳಿಯ ಮೇಲೇ ನಿಂತಿತು.

ಓದಿದವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಸ್ವಿಚ್ ಆರಿಸಿ ಹಾಕಿದೆ. ಇನ್ನೊಂದು ಸಲ ಆರಿಸಿ ಹಾಕಿದೆ. ಡಬ್ಬಿಯನ್ನು ತಲೆಕೆಳಗು ಮಾಡಿ ನೋಡಿದೆ, ಊದಿದೆ, ಬೆನ್ನು ತಟ್ಟಿದೆ. ಅಂಗಳಕ್ಕೆ ಓಡಿ ರಸೂಲ್ ಸಾಬರಿಗೆ ಫೋನು ಮಾಡಿದರೆ ಅವರು ರಾಂಪುರದಲ್ಲಿ ಕಂಬದ ಮೇಲಿದ್ದರು. ‘ತಂತಿ ಎಲ್ಲಾದ್ರೂ ಮಡಚೈತಾ ನೋಡ್ರಿ’ ಎಂದರು. ನಾನು ಹೊರಗೆ ಬೀದಿಯ ಕಂಬದಿಂದ ಗೋಡೆಯ ತೂತಿನವರೆಗೂ ನೋಡಿದೆ. ಸರಿಯಾಗಿತ್ತು. ಒಳಗೂ ಕಣ್ಣು ಹಾಯಿಸಿದೆ. ಅಲ್ಲೂ ಎಲ್ಲ ನೆಟ್ಟಗೆ, ಅಚ್ಚುಕಟ್ಟಾಗಿ ಕಂಡಿತು.

ಮತ್ತೆ ಅಂಗಳಕ್ಕೆ ಬಂದೆ; ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಹುಬ್ಬಳ್ಳಿಯಿಂದ ಹುಡುಗಿಯ ತಾಯಿಯ ಫೋನು. ‘ಎಲ್ಲಾರೂ ಬಂದಾರ್ರೀ, ಗಾಡಿನೂ ಬಂದೈತಿ. ತೋರಸ್ತೀರೇನ್ರಿ?’

ಆಗ ಎದ್ದವರು ಬಾವ. ಅವರು ಗೆದ್ದವರಂತೆ ನಗಲಿಲ್ಲ, ಅದು ಅವರ ದೊಡ್ಡತನ. ‘ಒಂದ್ನಿಮಿಷಂ, ಒಂದ್ನಿಮಿಷಂ’ ಎಂದು ಎರಡೂ ಭಾಷೆ ಸೇರಿಸಿ ಹೇಳುತ್ತಾ, ಅವ್ವನ ಅಡಿಕೆ ಚೀಲವನ್ನು ಕೊಡವಿ, ಅದರಲ್ಲಿ ತಮ್ಮ ಫೋನು ಇಟ್ಟು, ಚೀಲದ ಬಾಯಿಗೆ ಹುರಿ ಕಟ್ಟಿ ಮಾಳಿಗೆ ಹತ್ತಿದರು. ಬೆಳಕಿಂಡಿಯಲ್ಲಿ ಅವರ ಮುಖ ಕಂಡಿತು, ಆಮೇಲೆ ಚೀಲ ಇಳಿಯಿತು. ‘ಟವರ್ ಐತೆ! ಇಲ್ಲೀತಂಕ ಐತೆ! ನನ್ನ ಹಾಟ್‌ಸ್ಪಾಟ್ ಹಿಡ್ಕಳ್ಳಿ, ಮೇಷ್ಟ್ರೇ!’

ಹಿಡಿದುಕೊಂಡೆ. ಅಡಿಕೆ, ಸುಣ್ಣ, ಹೊಗೆಸೊಪ್ಪಿನ ವಾಸನೆಯ ಆ ಚೀಲದಿಂದ ನೆಟ್ಟು ತೊಟ್ಟು ತೊಟ್ಟಾಗಿ ನನ್ನ ಫೋನಿಗೆ ಇಳಿಯಿತು. ಹುಬ್ಬಳ್ಳಿಯ ಅಂಗಳ ಕಂಡಿತು, ಅಜ್ಜಿಯ ಕನ್ನಡಕ ಕಂಡಿತು. ನಾನು ಫೋನನ್ನು ಮಗ್ಗದ ಕಡೆ ತಿರುಗಿಸಿದೆ. ಅಕ್ಕ ಲಾಳಿ ಎಸೆದಳು. ಹಸಿರು ಹಾಸಿನ ಮೇಲೆ ಹಳದಿ ಹೂವು ಅರ್ಧ ಏರಿತ್ತು.

‘ಏ, ನಿಂತತಿ!’ ಎಂದಿತು ಅಜ್ಜಿಯ ದನಿ. ಅವರ ಕಡೆಯ ಚಿತ್ರದಲ್ಲಿ ಅಕ್ಕನ ಕೈ ಗಾಳಿಯಲ್ಲೇ ನಿಂತುಬಿಟ್ಟಿತ್ತು. ‘ಬರೇ ಫೋಟೋ ತೋರಸಾಕ್ಹತ್ತೀರೇನ್ರಿ, ಮಾಸ್ತರ?’

ನೇಯುವುದನ್ನೇ ತೋರಿಸಬೇಕಾದ ಹೊತ್ತಿನಲ್ಲಿ, ಅನುಮಾನದ ಅಜ್ಜಿಗೆ, ಮತ್ತೆ ಫೋಟೋ! ಮೇಲಿನಿಂದ ಬಾವನ ನರಳಿಕೆ ಕೇಳಿತು. ‘ಅಯ್ಯೋ, ಇವತ್ತಿನ ಜಿಬಿ... ಬೆಳಿಗ್ಗೆ ಕುಸ್ತಿ ನೋಡಿದ್ದೆ ಕಣ್ರೀ...’ ಮಾತು ತುಂಡಾಯಿತು, ಕರೆಯೂ ತುಂಡಾಯಿತು. ಅಕ್ಕ ಲಾಳಿಯನ್ನು ಮೆಲ್ಲಗೆ ಮಗ್ಗದ ಮೇಲಿಟ್ಟಳು. ‘ಬಿಡೋ, ಆಗ್ಲಿ. ನಮ್ಮ ಋಣ ಅಷ್ಟೇ ಇರ್ಬೇಕು’ ಎಂದಳು. ಆ ‘ಆಗ್ಲಿ’ ಇದೆಯಲ್ಲ, ಅದನ್ನು ಈಗ ನೆನೆಸಿಕೊಂಡರೂ ನನಗೆ ಸಂಕಟವಾಗುತ್ತದೆ. ಒಂದು ಜನ್ಮವಿಡೀ ಆಡಿ ಸವೆದ ‘ಆಗ್ಲಿ’ ಅದು.

ಅಷ್ಟರಲ್ಲಿ ಅವ್ವ ಒಳಗೆ ಬಂದಳು. ತಲೆಯ ಮೇಲೆ ಸೆರಗು ಹೊದ್ದು, ನೆಂಟರನ್ನು ಮಾತಾಡಿಸಲು ತಯಾರಾಗಿ ಬಂದಿದ್ದಳು. ‘ಬಂದ್ರಾ ಹುಬ್ಬಳ್ಳಿಯೋರು? ಕೋಣೆ ಎಲ್ಲಾ ನೋಡಿದ್ರಾ?’

‘ಎಲ್ಲಿ ಬರ್ತಾರವ್ವ, ಈ ತಂತಿ ಕೈಕೊಡ್ತು’ ಎಂದೆ.

‘ಯಾವುದು, ಆ ಎಳೇನಾ? ಅದನ್ನ ನಾನೇ ನೆಟ್ಟಗೆ ಮಾಡಿದ್ನಲ್ಲಪ್ಪ. ಸುರುಳಿ ಸುರುಳಿಯಾಗಿ ಜೋತಾಡ್ತಿತ್ತು. ಮಗ್ಗದ ಮನೇಲಿ ಎಳೆ ಹಂಗೆ ಜೋತಾಡ್ತಿದ್ರೆ ನೋಡಿದೋರು ಏನಂತಾರೆ? ಬಿಗಿಯಾಗಿ ಎಳೆದು ಗೂಟಕ್ಕೆ ಸುತ್ತಿ ಗಂಟು ಹಾಕೀನಿ. ಇನ್ನು ಅಲ್ಲಾಡಲ್ಲ ಬಿಡು.’

ನೋಡಿದೆ. ಹಾಸಿನ ಹಗ್ಗ ಬಿಗಿಯುವ ಗೂಟವಿದೆಯಲ್ಲ, ಅದರ ಪಕ್ಕದ ಗೂಟಕ್ಕೆ, ಇಷ್ಟು ವರ್ಷ ಕೈ ಪಳಗಿದ ನೇಕಾರಳ ಬಿಗಿಯಲ್ಲಿ, ಒಂದಿಷ್ಟೂ ಸಡಿಲವಿಲ್ಲದೆ, ರಸೂಲ್ ಸಾಬರ ಗಾಜಿನ ಎಳೆಯನ್ನು ಅವ್ವ ಸುತ್ತಿಟ್ಟಿದ್ದಳು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನನ್ನ ಕಣ್ಣು ಅದರ ಮೇಲೆ ಹಾದು ಹೋದರೂ ತಪ್ಪೆಂದು ಅನ್ನಿಸಿರಲಿಲ್ಲ. ನಾನೂ ನೇಕಾರರ ಮನೆಯವನೇ. ಜೋತಾಡುವ ಎಳೆ ಕಂಡಿದ್ದರೆ ಅನುಮಾನ ಪಡುತ್ತಿದ್ದೆ, ಬಿಗಿಯಾಗಿದ್ದದ್ದನ್ನು ಸರಿಯಾಗಿದೆ ಎಂದುಕೊಂಡೆ. ಡಬ್ಬಿ ನೋಡಿದೆ, ಸ್ವಿಚ್ ನೋಡಿದೆ, ಬೀದಿಯ ಕಂಬ ನೋಡಿದೆ. ತಂತಿ ಪಕ್ಷದವನು ತನ್ನ ಮೂಗಿನ ಮುಂದಿನ ತಂತಿಯನ್ನು ಮಾತ್ರ ನೋಡಲಿಲ್ಲ.

ಗಂಟು ಬಿಚ್ಚಲು ನಾನು ಕೈ ಹಾಕಿದೆ. ಅಕ್ಕ ಕುಣಿಯಿಂದ ಎದ್ದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿದಳು. ಸಿಕ್ಕು ಬಿಡಿಸುವುದು ಅವಳಿಗೆ ಹೇಳಿಕೊಡಬೇಕೇ? ಬೆರಳ ತುದಿಯಲ್ಲೇ ಸುತ್ತು ಬಿಚ್ಚಿ, ಸುರುಳಿಯನ್ನು ಅಗಲ ಮಾಡಿ, ಮೊಳೆಗೆ ಮತ್ತೆ ಸಡಿಲವಾಗಿ ತೂಗುಹಾಕಿದಳು. ನಾವೆಲ್ಲ ಡಬ್ಬಿಯನ್ನೇ ನೋಡಿದೆವು. ಬೆಳಕಿಂಡಿಯಿಂದ ಬಾವನೂ ನೋಡಿದರು. ಕೆಂಪು ಮಿಟುಕಿತು, ಆರಿತು. ಹಸಿರು ಬಂತು!

ನಾನು ಮತ್ತೆ ಕರೆ ಮಾಡಿದಾಗ ಹುಬ್ಬಳ್ಳಿಯವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ಹುಡುಗಿ ಓಡಿ ಹೋಗಿ ಅಜ್ಜಿಯನ್ನು ಮತ್ತೆ ಕೂರಿಸಿದಳಂತೆ. ಈ ಸಲ ಚಿತ್ರ ನಿಲ್ಲಲಿಲ್ಲ. ಅಕ್ಕ ನೇಯ್ದಳು. ಲಾಳಿ ಹೋಯಿತು, ಬಂತು, ಹೋಯಿತು. ಹೂವಿನ ಉಳಿದ ಅರ್ಧ ಎಲ್ಲರ ಕಣ್ಣೆದುರೇ ಏರಿತು. ಅಜ್ಜಿ ತುಟಿ ಬಿಗಿಹಿಡಿದು ನೋಡುತ್ತಿದ್ದರು.

‘ಕಾಲ ತೋರಸ್ರಿ’ ಎಂದರು.

‘ಏನಂದ್ರಿ?’

‘ಆಕೀ ಕಾಲ್ರಿ. ಮಷೀನಿಗೆ ಕಾಲಿರಂಗಿಲ್ಲ ನೋಡ್ರಿ.’

ನಾನು ಫೋನನ್ನು ಕುಣಿಯೊಳಗೆ ಇಳಿಸಿದೆ. ಟವರ್ ಬಿಡಿ, ಬೆಳಕೂ ಸರಿಯಾಗಿ ಇಳಿಯದ ಜಾಗ ಅದು. ಅಲ್ಲಿ ಅಕ್ಕನ ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಒಂದಾದ ಮೇಲೊಂದು ಹಲಗೆ ತುಳಿಯುವ ಪಾದಗಳು ಹುಬ್ಬಳ್ಳಿಗೆ ಕಂಡವು. ಅಕ್ಕ ನಾಚಿಕೆಯಿಂದ ಸೀರೆಯ ನಿರಿಗೆ ಜಾರಿಸಿ ಪಾದ ಮುಚ್ಚಲು ನೋಡಿದಳು. ‘ಮುಚ್ಚಬ್ಯಾಡವಾ’ ಎಂದಿತು ಫೋನು. ಅಕ್ಕ ನಿರಿಗೆ ಬಿಟ್ಟು ಮತ್ತೆ ಹಲಗೆ ತುಳಿದಳು.

‘ಹೆಸರೇನವಾ?’ ಎಂದು ಅಜ್ಜಿ ಕೇಳಿದರು.

‘ಮೊಳಕಾಲ್ಮೂರು ಸೀರೆ ಅಂತಾರ್ರೀ ಇದಕ್ಕೆ’ ಎಂದಳು ಅಕ್ಕ, ತಲೆಯೆತ್ತದೆ.

‘ಸೀರೀದು ಕೇಳಲಿಲ್ಲವಾ. ನಿಂದು. ಮದವ್ಯಾಗ ಯಾರು ನೇಯ್ದದ್ದು ಅಂತ ನಾಕು ಮಂದಿ ಕೇಳತಾರ. ನಾ ಏನಂತ ಹೇಳಲಿ?’

ಲಾಳಿ ನಿಂತಿತು. ಇಷ್ಟು ವರ್ಷಗಳಲ್ಲಿ ಸೀರೆಯ ಬಣ್ಣ ಕೇಳಿದವರಿದ್ದರು, ಅಂಚು ಕೇಳಿದವರಿದ್ದರು, ತೂಕ ಕೇಳಿದವರಿದ್ದರು. ಅಕ್ಕ ನನ್ನ ಮುಖ ನೋಡಿದಳು, ಬೆಳಕಿಂಡಿಯ ಕಡೆ ನೋಡಿದಳು, ಆಮೇಲೆ ಫೋನಿನ ಕಡೆ ತಿರುಗಿದಳು.

‘ತಿಪ್ಪಮ್ಮ’ ಎಂದಳು. ದನಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ, ‘ತಿಪ್ಪಮ್ಮ ಅಂತ’ ಎಂದಳು. ನನಗೆ ಕಣ್ಣು ತುಂಬಿ ಬಂತು. ಫೋನು ಅಲ್ಲಾಡಿತೆಂದು ಅಜ್ಜಿ ಬೈದರು.

ಸೀರೆ ಹುಬ್ಬಳ್ಳಿಗೆ ಹೋಯಿತು. ಆ ಮದುವೆಯಲ್ಲಿ ನೋಡಿದವರೆಂದು ಇನ್ನಿಬ್ಬರು ಫೋನು ಮಾಡಿ, ‘ತಿಪ್ಪಮ್ಮನವರ ಮನೇನೇನ್ರಿ?’ ಎಂದು ಕೇಳಿದರು. ಮುಂದಿನ ಸಲ ನಾನು ಮೊಳಕಾಲ್ಮೂರಿಗೆ ಹೋದಾಗ, ಅಕ್ಕನ ಬೀದಿ ತಿರುಗುತ್ತಲೇ ನನ್ನ ಫೋನಿನಲ್ಲಿ ಸುತ್ತಲಿನ ವೈಫೈಗಳ ಹೆಸರು ಮೂಡಿದವು. ಬಾವನ ಹೆಸರು ಹುಡುಕಿದೆ, ಇರಲಿಲ್ಲ. ಆ ಜಾಗದಲ್ಲಿ ‘ತಿಪ್ಪಮ್ಮ’ ಎಂದಿತ್ತು. ಬಾವನೇ ರಸೂಲ್ ಸಾಬರನ್ನು ಕರೆಸಿ ಬದಲಾಯಿಸಿದ್ದರು. ‘ಗೋಡೆಗೆ ಅಂಟಿಕೊಂಡಿರೋದು ಉಳೀತೈತೆ ಅಂತ ನೀವೇ ಹೇಳಿದ್ರಲ್ಲ’ ಎಂದು ಬೇರೆ ಕಡೆ ನೋಡುತ್ತಾ ಹೇಳಿದರು. ಬೆಟ್ಟದ ಮೇಲಿನ ಲಿಪಿಕಾರನನ್ನು ನಾನು ನೆನೆಸಿಕೊಂಡೆ. ಅವನ ಹೆಸರು ಓದಲು ಬೆಟ್ಟ ಹತ್ತಬೇಕು. ಅಕ್ಕನ ಹೆಸರು ಓದಲು ಆ ಬೀದಿಯಲ್ಲಿ ನಡೆದು ಹೋದರೆ ಸಾಕು.

ನಮ್ಮ ವಾದ ಇದರಿಂದ ಮುಗಿಯಿತೆಂದು ತಿಳಿಯಬೇಡಿ. ತಂತಿ ಇರದಿದ್ದರೆ ಸೀರೆ ಕಾಣುತ್ತಿರಲಿಲ್ಲ ಎಂದು ನಾನು, ಕೈಕೊಟ್ಟಾಗ ಅಡಿಕೆ ಚೀಲವೇ ಗತಿಯಾಯಿತಲ್ಲ ಎಂದು ಬಾವ, ಈಗಲೂ ಜಗಲಿಯಲ್ಲಿ ಕೂತು ಎಳೆದಾಡುತ್ತೇವೆ. ಮೊನ್ನೆ ದನಿ ಸ್ವಲ್ಪ ಏರಿತು. ಒಳಗೆ ಅವ್ವ ಸುರುಳಿಯ ಧೂಳು ಒರೆಸುತ್ತಿದ್ದಳು. ರಸೂಲ್ ಸಾಬರು ಅವಳಿಗೂ ಎಲ್ಲ ಹೇಳಿಕೊಟ್ಟ ಮೇಲೆ ಅದರ ಉಸ್ತುವಾರಿ ಅವಳದು. ಬಿಗಿಯಾದರೆ ಸಡಿಲ ಮಾಡುತ್ತಾಳೆ, ಮಗ್ಗದ ಮನೆಯಲ್ಲಿ ಇದೊಂದು ಎಳೆಯನ್ನು ಜೋತುಬಿಡಲು ಅವಳ ಮನಸ್ಸು ಇನ್ನೂ ಒಪ್ಪುವುದಿಲ್ಲ, ಆದರೂ ಬಿಡುತ್ತಾಳೆ. ನಮ್ಮ ಗಲಾಟೆ ಕೇಳಿ ಬಾಗಿಲಿಗೆ ಬಂದು ನಿಂತು, ಕೈಯಲ್ಲಿದ್ದ ಬಟ್ಟೆಯನ್ನು ನಮ್ಮಿಬ್ಬರ ಕಡೆ ಕೊಡವಿದಳು.

‘ಅಷ್ಟೊಂದು ಬಿಗೀಬ್ಯಾಡ್ರಪ್ಪ ಇಬ್ರೂ. ಬೆಳಕು ನಿಂತು ಹೋಗ್ತೈತೆ.’